ನಿಮಗಿದು ಗೊತ್ತೇ? ಗುಬ್ಬಿಯ ರಂಗ, ಗಾಜನೂರಿನ ಕತ್ತಲು, 108 ದಿನ

ಡಾ. ರಾಜ್‌ಕುಮಾರ್ ಅವರನ್ನು ಗಂಧಗಳ್ಳ ವೀರಪ್ಪನ್ ಹೊತ್ತೊಯ್ದು ಕಾಲು ಶತಮಾನ ದಾಟಿತು. ಆ ಘಟನೆ ಸಿನಿಮಾ ಆಗಿದೆ, ಸಾಕ್ಷ್ಯಚಿತ್ರ ಆಗಿದೆ, ಪುಸ್ತಕ ಆಗಿದೆ. ತುಮಕೂರಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಒಂದಲ್ಲ, ಹಲವು. ಒಂದೊಂದಾಗಿ ನೋಡೋಣ.

★ ಅಂದು 2000ದ ಜುಲೈ 30, ಭಾನುವಾರ. ಭೀಮನ ಅಮಾವಾಸ್ಯೆಯ ಕಗ್ಗತ್ತಲು. ರಾಜ್‌ಕುಮಾರ್ ಗಾಜನೂರಿನ ತೋಟದ ಮನೆಯಲ್ಲಿ ರಾತ್ರಿ ಊಟ ಮುಗಿಸಿ ಟಿವಿ ಮುಂದೆ ಕುಳಿತಿದ್ದರು. ಒಳಗೆ ಬಂದವನು ವೀರಪ್ಪನ್, ಜೊತೆಗೆ ಬಂದೂಕು ಹಿಡಿದ ಅವನ ಕಡೆಯವರು. ಅಣ್ಣಾವ್ರಿಗೆ ಆಗ 71 ವರ್ಷ. ಅಳಿಯ ಎಸ್.ಎ. ಗೋವಿಂದರಾಜ್, ಸಹಾಯಕ ನಿರ್ದೇಶಕ ನಾಗಪ್ಪ ಮಾರಡಗಿ ಮತ್ತು ಹತ್ತಿರದ ಸಂಬಂಧಿಯೊಬ್ಬರನ್ನೂ ಸೇರಿಸಿ ನಾಲ್ವರನ್ನು ಕಾಡಿಗೆ ನಡೆಸಿಕೊಂಡು ಹೋದರು.

★ ಹೋಗುವ ಮುನ್ನ ವೀರಪ್ಪನ್ ಪಾರ್ವತಮ್ಮ ರಾಜ್‌ಕುಮಾರ್ ಕೈಗೆ ಕೊಟ್ಟದ್ದು ಕಾಗದವಲ್ಲ, ಒಂದು ಆಡಿಯೋ ಕ್ಯಾಸೆಟ್. ‘ಇದನ್ನು ಮುಖ್ಯಮಂತ್ರಿಗೆ ಮುಟ್ಟಿಸಿ’ ಎಂಬುದಷ್ಟೇ ಸೂಚನೆ. ಗಂಡನನ್ನು ಕಣ್ಣೆದುರೇ ಕರೆದೊಯ್ದ ಮೇಲೆ ಆಕೆ ಕುಸಿದು ಕೂರಲಿಲ್ಲ. ರಾತ್ರೋರಾತ್ರಿ ಬೆಂಗಳೂರಿನ ದಾರಿ ಹಿಡಿದರು. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಕಂದು ಬಣ್ಣದ ರೀಲು. ಅಲ್ಲಿಯ ತನಕ ಮನೆಮನೆಯಲ್ಲಿ ಅಣ್ಣಾವ್ರ ಹಾಡು ಕೇಳಿಸುತ್ತಿದ್ದ ವಸ್ತು ಅದು. ಮುಂದಿನ ಮೂರೂವರೆ ತಿಂಗಳು ಇಡೀ ಕರ್ನಾಟಕ ಉಸಿರು ಬಿಗಿಹಿಡಿದು ಕಾದದ್ದು ಕಾಡಿನಿಂದ ಬರುವ ಅಂಥದೇ ಕ್ಯಾಸೆಟ್‌ಗಳಿಗೆ.

★ ಅಪಹರಣದ ಮರುದಿನ ಬೆಂಗಳೂರು ಸ್ತಬ್ಧವಾಯಿತು. ಚಿತ್ರೀಕರಣ ನಿಂತಿತು, ಚಿತ್ರಮಂದಿರಗಳ ಬಾಗಿಲು ಮುಚ್ಚಿದವು.

★ ಗಾಜನೂರು ಕರ್ನಾಟಕದಲ್ಲಿಲ್ಲ. ಅದು ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಸೀಮೆಯ ಕನ್ನಡ ಮಾತಾಡುವ ಊರು. ವೀರಪ್ಪನ್ ಹುಟ್ಟೂರು ಗೋಪಿನಾಥಂ ಇರುವುದು ಕರ್ನಾಟಕದಲ್ಲಿ, ಚಾಮರಾಜನಗರ ಜಿಲ್ಲೆಯಲ್ಲಿ. ಕನ್ನಡದ ಮೇರುನಟನ ಊರು ಆ ಕಡೆ, ತಮಿಳಿನ ಹೆಸರಲ್ಲಿ ಬೇಡಿಕೆ ಇಟ್ಟವನ ಊರು ಈ ಕಡೆ. ಗಡಿಯ ಗೆರೆಗೂ ಜನರ ನುಡಿಗೂ ತಾಳೆಯಾಗದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

★ ತುಮಕೂರಿನಿಂದ ರಸ್ತೆಯಲ್ಲಿ ಗಾಜನೂರಿಗೆ ಹೋಗುವುದಾದರೆ? ಕುಣಿಗಲ್, ಹುಲಿಯೂರುದುರ್ಗ, ಮದ್ದೂರು, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರ, ಅಲ್ಲಿಂದ ತಾಳವಾಡಿ. ನಡುವೆ ಸಿಗುವ ಮದ್ದೂರು ತಾಲ್ಲೂಕಿನ ಸೋಮನಹಳ್ಳಿ ಆಗಿನ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಊರು. ಪಾರ್ವತಮ್ಮ ತಂದ ಕ್ಯಾಸೆಟ್ ತಲುಪಿದ್ದು ಅವರ ಕೈಗೇ.

★ ಇನ್ನು ಗುಬ್ಬಿಗೆ ಬರೋಣ. ರಾಜ್‌ಕುಮಾರ್ ಎಂಬ ನಟ ರೂಪುಗೊಂಡದ್ದೇ ಗುಬ್ಬಿ ಕಂಪನಿಯ ಅಂಗಳದಲ್ಲಿ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘದಲ್ಲಿ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಹೆಸರಾಂತ ಕಲಾವಿದರು. ರಾವಣ, ಹಿರಣ್ಯಕಶಿಪುವಿನಂಥ ಪಾತ್ರಗಳಲ್ಲಿ ಅವರ ಅಬ್ಬರವನ್ನು ಹಿರಿಯರು ಬಹುಕಾಲ ನೆನೆದರು. ತಂದೆಯ ಬೆನ್ನಿಗೆ ಬಂದ ಹುಡುಗನ ಹೆಸರು ಮುತ್ತುರಾಜು. ಮಳವಳ್ಳಿ ಸೀಮೆಯ ಮುತ್ತತ್ತಿ ಕಾಡಿನಲ್ಲಿ, ಕಾವೇರಿ ದಡದಲ್ಲಿ ನೆಲೆಸಿರುವ ಮುತ್ತತ್ತಿರಾಯನ ಹೆಸರನ್ನೇ ಮನೆಯವರು ಇಟ್ಟಿದ್ದರು.

★ ಆ ಮುತ್ತುರಾಜು ರಾಜ್‌ಕುಮಾರ್ ಆದದ್ದು 1954ರ ‘ಬೇಡರ ಕಣ್ಣಪ್ಪ’ದಲ್ಲಿ. ಹೆಸರು ಕೊಟ್ಟವರು ನಿರ್ದೇಶಕ ಎಚ್.ಎಲ್.ಎನ್. ಸಿಂಹ. ಚಿತ್ರ ತೆಗೆದದ್ದು ಗುಬ್ಬಿಯ ಹೆಸರನ್ನೇ ಹೊತ್ತ ನಿರ್ಮಾಣ ಸಂಸ್ಥೆ. ಅದೇ ಚಿತ್ರದಲ್ಲಿ ಬೆಳ್ಳಿತೆರೆಯಲ್ಲಿ ಬೆಳಗಿದ ಹಾಸ್ಯರತ್ನ ನರಸಿಂಹರಾಜು ನಮ್ಮ ತಿಪಟೂರಿನವರು. ಮೊದಲ ನಾಯಕ ಪಾತ್ರದಲ್ಲಿ ಕಾಡಿನ ಬೇಡನಾಗಿ ನಿಂತವರು 46 ವರ್ಷಗಳ ನಂತರ ಕಾಡಿನಲ್ಲೇ ಸೆರೆಯಾದರು.

★ ಇದಕ್ಕಿಂತ ಎದೆ ಕಲಕುವ ನಂಟು 1973ರ ‘ಗಂಧದ ಗುಡಿ’ಯದು. ಅದರಲ್ಲಿ ರಾಜ್‌ಕುಮಾರ್ ಅರಣ್ಯಾಧಿಕಾರಿ. ಶ್ರೀಗಂಧದ ಕಳ್ಳಸಾಗಣೆಯ ವಿರುದ್ಧ ನಿಲ್ಲುವ ಪಾತ್ರ. ಕಾಡು ಉಳಿಸಬೇಕು ಎಂಬ ಮಾತನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದ ನಟನನ್ನು 27 ವರ್ಷಗಳ ಬಳಿಕ ಹೊತ್ತೊಯ್ದವನು ಗಂಧದ ಮರ ಕಡಿದೇ ಬೆಳೆದವನು. ಯಾವ ಚಿತ್ರಕಥೆಗಾರನೂ ಇದನ್ನು ಹೀಗೆ ಹೆಣೆಯುವ ಧೈರ್ಯ ಮಾಡುತ್ತಿರಲಿಲ್ಲ.

★ ನಾಯಕಿಯನ್ನು ಕಳ್ಳ ಕಾಡಿಗೆ ಎತ್ತಿಕೊಂಡು ಹೋಗುವ ಕಥೆ ಗುಬ್ಬಿ ರಂಗಕ್ಕೆ ಹಳೆಯದು. ‘ಸದಾರಮೆ’ ನಾಟಕ ನೆನಪಿದೆಯೇ? ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು, ತುಮಕೂರು ತಾಲ್ಲೂಕಿನ ಬೆಳ್ಳಾವೆಯವರು. ಅದರ ಕಳ್ಳನ ಪಾತ್ರದಲ್ಲಿ ಗುಬ್ಬಿ ವೀರಣ್ಣ ಬಂದರೆ ಟೆಂಟು ಅದುರುತ್ತಿತ್ತಂತೆ. ಕಾಡಿಗೆ ಹೊತ್ತು ತಂದವಳ ಜಾಣತನದ ಮುಂದೆ ಕಳ್ಳ ಪೆದ್ದನಾಗುವ ಆ ದೃಶ್ಯ ಕಂಪನಿ ನಾಟಕದ ಕಿರೀಟ. ಮುಂದೆ ಅದೇ ನಾಟಕಕ್ಕೆ ಹೊಸ ಜೀವ ಕೊಟ್ಟವರು ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ, ಕಳ್ಳನ ಪಾತ್ರವನ್ನು ತಾವೇ ಆಡಿ ತೋರಿಸಿದರು. ಗಮನಿಸಿ, ಆ ನಾಟಕದ ಹೆಸರು ಕಳ್ಳನದಲ್ಲ. ಸೆರೆಯಾದವಳದು.

★ ಇದೇ ಬೆಳ್ಳಾವೆ ಶಾಸ್ತ್ರಿಗಳು 1934ರ ‘ಸತಿ ಸುಲೋಚನಾ’ಕ್ಕೂ ಮಾತು, ಹಾಡು ಬರೆದವರು. ಕನ್ನಡದ ಮೊದಲ ವಾಕ್ಚಿತ್ರ ಅದು. ಇಂದ್ರಜಿತುವಿನ ಹೆಂಡತಿಯ ಕಥೆ. ಹಿನ್ನೆಲೆಯಲ್ಲಿರುವುದು ಸೀತಾಪಹರಣ ತಂದ ಯುದ್ಧ.

★ ವೀರಪ್ಪನ್ ಮುಂದಿಟ್ಟ ಬೇಡಿಕೆಗಳಲ್ಲಿ ಕಾವೇರಿಯೂ ಇತ್ತು. ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂಬ ಮಧ್ಯಂತರ ಆದೇಶ ಜಾರಿಯಾಗಬೇಕು, 1991ರ ಕಾವೇರಿ ಗಲಭೆಯಲ್ಲಿ ನೊಂದವರಿಗೆ ಪರಿಹಾರ ಸಿಗಬೇಕು ಎಂದಿದ್ದ. ಕಾವೇರಿ ನಮಗೆ ದೂರದ ನದಿ ಎಂದುಕೊಳ್ಳಬೇಡಿ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷಾ ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಹರಿದು, ಮಾರ್ಕೋನಹಳ್ಳಿಯಲ್ಲಿ ನಿಂತು, ಕಡೆಗೆ ಸೇರುವುದು ಕಾವೇರಿಯನ್ನೇ. ನೀರು ಹೆಚ್ಚಾದಾಗ ತಾನೇ ತಾನಾಗಿ ಹೊರಹಾಕುವ ಸೈಫನ್ ವ್ಯವಸ್ಥೆಗೆ ಹೆಸರಾದ ಆ ಜಲಾಶಯ ಕುಣಿಗಲ್ ತಾಲ್ಲೂಕಿನ ಹೆಮ್ಮೆ.

★ ಇನ್ನೊಂದು ಬೇಡಿಕೆ: ಬೆಂಗಳೂರಿನ ಹಲಸೂರು ಕೆರೆಯ ಬಳಿ ಮುಸುಕು ಹೊದ್ದು ನಿಂತಿದ್ದ ತಿರುವಳ್ಳುವರ್ ಪ್ರತಿಮೆ ಅನಾವರಣ. ಅದು ನಡೆದದ್ದು 2009ರ ಆಗಸ್ಟ್ 9ರಂದು. ನಾಲ್ಕೇ ದಿನಕ್ಕೆ, ಆಗಸ್ಟ್ 13ರಂದು ಚೆನ್ನೈನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ತೆರೆದುಕೊಂಡಿತು. ಅಷ್ಟರಲ್ಲಿ ವೀರಪ್ಪನ್ ಸತ್ತು ಐದು ವರ್ಷ ಸಮೀಪಿಸಿತ್ತು, ರಾಜ್‌ಕುಮಾರ್ ಅಗಲಿ ಮೂರು ವರ್ಷ ದಾಟಿತ್ತು.

★ ಈಗ ಹೇಳಲಿರುವ ಹೆಸರು ಬಹಳ ಮಂದಿಗೆ ಮರೆತುಹೋಗಿದೆ: ಅಬ್ದುಲ್ ಕರೀಂ. ನಿವೃತ್ತ ಪೊಲೀಸ್ ಅಧಿಕಾರಿ. ಅವರ ಮಗ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್, 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ವೀರಪ್ಪನ್ ತಂಡದ ಗುಂಡಿಗೆ ಬಲಿಯಾದವರು. ಜೊತೆಯಲ್ಲಿ ಎಸ್‌ಪಿ ಟಿ. ಹರಿಕೃಷ್ಣ ಕೂಡ ಪ್ರಾಣ ಕೊಟ್ಟರು. ಅಣ್ಣಾವ್ರ ಬಿಡುಗಡೆಗಾಗಿ ಟಾಡಾ ಕಾಯ್ದೆಯಡಿ ಬಂಧಿತರಾದ ಕೈದಿಗಳನ್ನು ಬಿಟ್ಟುಬಿಡಲು ಸರ್ಕಾರ ಮುಂದಾದಾಗ ಈ ತಂದೆ ಸುಪ್ರೀಂ ಕೋರ್ಟ್ ಬಾಗಿಲು ಬಡಿದರು.

ಆಗಿನ ಹವೆಯಲ್ಲಿ ಅದು ಎಂಥ ಹೆಜ್ಜೆ ಎಂದು ಒಮ್ಮೆ ಯೋಚಿಸಿ. ಇಡೀ ನಾಡು ‘ಏನಾದರೂ ಕೊಟ್ಟು ಅಣ್ಣಾವ್ರನ್ನು ಕರೆತನ್ನಿ’ ಎಂದು ಬೇಡುತ್ತಿದೆ. ನಾನೂ ಬೇಡಿದವನೇ. ನಮ್ಮ ಮನೆಯಲ್ಲಿ ದಿನವೂ ದೀಪ ಹಚ್ಚುವಾಗ ಆ ಒಂದು ಹರಕೆ ತಪ್ಪುತ್ತಿರಲಿಲ್ಲ. ಅದರ ನಡುವೆ ಒಬ್ಬ ಮುದಿ ತಂದೆ ಎದ್ದು ನಿಂತು, ನನ್ನ ಮಗನ ಜೀವಕ್ಕೂ ಬೆಲೆ ಇತ್ತಲ್ಲವೇ ಎಂದು ಕಾನೂನನ್ನು ಕೇಳಿದರು. 2000ದ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಕೈದಿಗಳ ಬಿಡುಗಡೆಯ ದಾರಿ ಮುಚ್ಚಿತು. ಅದಾದ ಎಂಟನೇ ದಿನಕ್ಕೆ ರಾಜ್‌ಕುಮಾರ್ ಬಿಡುಗಡೆಯಾದರು. ಎರಡು ಮನೆಗಳ ಎರಡು ನೋವು, ಎರಡೂ ನಿಜ. ಅಪಹರಣದ ಕಥೆ ಮಾಡುವವರು ಈ ತಂದೆಯನ್ನು ಬಿಟ್ಟರೆ ಅರ್ಧ ಕಥೆಯನ್ನೇ ಬಿಟ್ಟಂತೆ ಎಂದು ನಾನು ನಂಬಿದ್ದೇನೆ.

★ ಸೆಪ್ಟೆಂಬರ್ ಕೊನೆಯಲ್ಲಿ ನಾಗಪ್ಪ ಮಾರಡಗಿ ಕಾಡಿನಿಂದ ತಪ್ಪಿಸಿಕೊಂಡು ಬಂದರು. ಸರ್ಕಾರವಾಗಲಿ ಪೊಲೀಸರಾಗಲಿ ಬಿಡಿಸಿದ್ದಲ್ಲ. ಕತ್ತಲಲ್ಲಿ, ದಾರಿ ಗೊತ್ತಿಲ್ಲದ ಕಾಡಿನಲ್ಲಿ, ಹಿಂದೆ ಬಂದೂಕುಗಳಿವೆ ಎಂದು ತಿಳಿದೂ ಓಡಿದ ಮನುಷ್ಯ ಅವರು. ಈ ಒಂದು ರಾತ್ರಿಯೇ ಒಂದು ಸಿನಿಮಾಕ್ಕೆ ಸಾಕು.

★ ಸಂಧಾನಕ್ಕೆ ಮತ್ತೆಮತ್ತೆ ಕಾಡಿಗೆ ಹೋಗಿಬಂದವರು ತಮಿಳಿನ ‘ನಕ್ಕೀರನ್’ ಪತ್ರಿಕೆಯ ಸಂಪಾದಕ ಆರ್.ಆರ್. ಗೋಪಾಲ್. ಕೊನೆಯ ಸುತ್ತಿನಲ್ಲಿ ತಮಿಳು ನಾಯಕ ಪಿ. ನೆಡುಮಾರನ್ ಮತ್ತಿತರರು ಸೇರಿದರು.

★ ಜುಲೈ 30ರಿಂದ ನವೆಂಬರ್ 15ರವರೆಗೆ 108 ದಿನ. ಪಂಚಾಂಗ ಮುಂದಿಟ್ಟುಕೊಂಡು ಎಣಿಸಿದರೆ ಹೊಟ್ಟೆ ತೊಳಸುತ್ತದೆ. ಆಷಾಢ ಮುಗಿದು ಶ್ರಾವಣ ಬಂತು. ನಾಗರಪಂಚಮಿ, ವರಮಹಾಲಕ್ಷ್ಮಿ ಕಳೆದವು. ಸೆಪ್ಟೆಂಬರ್ 1ರ ಗಣೇಶನ ಹಬ್ಬ, ಅಕ್ಟೋಬರ್ 7ರ ವಿಜಯದಶಮಿ, ಅಕ್ಟೋಬರ್ ಕೊನೆಯ ದೀಪಾವಳಿ, ಎಲ್ಲವೂ ಕಾಡಿನಲ್ಲೇ. ಕನ್ನಡ ರಾಜ್ಯೋತ್ಸವದ ದಿನ, ನವೆಂಬರ್ 1ರಂದು, ಕನ್ನಡದ ಧ್ವನಿ ಎನಿಸಿಕೊಂಡವರು ಯಾವುದೋ ಮರದ ಕೆಳಗೆ ಟಾರ್ಪಾಲಿನಡಿ ಇದ್ದರು.

★ ಆ ವಯಸ್ಸಿನಲ್ಲಿ ಬೆಟ್ಟ ಹತ್ತಿಳಿದು, ಮಳೆಯಲ್ಲಿ ನೆಂದು ಅವರು ತಡೆದುಕೊಂಡದ್ದು ಹೇಗೆ? ದಶಕಗಳ ಯೋಗಾಭ್ಯಾಸದ ಬಲ ಅವರಿಗಿತ್ತು. 1983ರ ‘ಕಾಮನಬಿಲ್ಲು’ ಚಿತ್ರದಲ್ಲಿ ಆಸನಗಳನ್ನು ಅವರೇ ಮಾಡಿ ತೋರಿಸಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

★ ಅಪಹರಣದ ವರ್ಷವೇ ಬಂದ ‘ಶಬ್ದವೇಧಿ’ ನಾಯಕನಾಗಿ ಅವರ ಕೊನೆಯ ಚಿತ್ರ. ಕಾಡಿನಿಂದ ಬಂದ ಮೇಲೆ ಮತ್ತೆ ನಾಯಕನಾಗಿ ತೆರೆಗೆ ಬರಲಿಲ್ಲ.

★ ವೀರಪ್ಪನ್ ಸೆರೆಯಲ್ಲಿದ್ದ ಕನ್ನಡಿಗರಲ್ಲಿ ರಾಜ್‌ಕುಮಾರ್ ಅವರೇ ಮೊದಲಿಗರಲ್ಲ. 1997ರ ಅಕ್ಟೋಬರಿನಲ್ಲಿ ಬಂಡೀಪುರದ ಅಂಚಿನಲ್ಲಿದ್ದ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿ 14 ದಿನ ಅವನ ವಶದಲ್ಲಿದ್ದರು. ಇವರು ದೊಡ್ಡ ಸರ್ಕಾರಿ ಅಧಿಕಾರಿಗಳು ಎಂದು ಅವನು ತಪ್ಪು ತಿಳಿದಿದ್ದ. ಬಂದ ಮೇಲೆ ಅವರು ಪುಸ್ತಕ ಬರೆದರು. ಸೆರೆಯಾದವರೇ ಬರೆದ ಆ ಪುಸ್ತಕದಲ್ಲಿ ಹಕ್ಕಿ, ಮರ, ಕಾಡಿನ ಅನ್ನ, ಹರಟೆ, ಭಯ ಎಲ್ಲವೂ ಇವೆ. ಪೊಲೀಸ್ ಕಡತದಲ್ಲಿ ಇವು ಸಿಗುವುದಿಲ್ಲ.

★ ಎಲ್ಲರೂ ಮರಳಿ ಬರಲಿಲ್ಲ. 2002ರ ಆಗಸ್ಟ್ 25ರಂದು ಕಾಮಗೆರೆಯ ಮನೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಎಳೆದೊಯ್ದರು. ಡಿಸೆಂಬರ್ 8ರಂದು ಕಾಡಿನಲ್ಲಿ ಸಿಕ್ಕಿದ್ದು ಅವರ ಶವ.

★ ಈಗ ಸಿನಿಮಾ ವಿಷಯ. ವೀರಪ್ಪನ್ ಮೇಲೆ ಕನ್ನಡದಲ್ಲಿ ಚಿತ್ರ ಬಂದದ್ದು ಅಪಹರಣಕ್ಕೂ ಒಂಬತ್ತು ವರ್ಷ ಮೊದಲು! 1991ರ ‘ವೀರಪ್ಪನ್’, ಶೀರ್ಷಿಕೆ ಪಾತ್ರ ದೇವರಾಜ್ ಅವರದು. ಕಾಡಿನಲ್ಲಿ ಅವನಿನ್ನೂ ಜೀವಂತ, ಊರಿನಲ್ಲಿ ಅವನ ಸಿನಿಮಾ.

★ ಅಪಹರಣವನ್ನೂ ಒಳಗೊಂಡ ಚಿತ್ರ ಎ.ಎಂ.ಆರ್. ರಮೇಶ್ ನಿರ್ದೇಶನದ ‘ಅಟ್ಟಹಾಸ’. 2013ರ ಫೆಬ್ರವರಿಯಲ್ಲಿ ತೆರೆ ಕಂಡಿತು. ತಮಿಳಿನಲ್ಲಿ ಅದರ ಹೆಸರು ‘ವನಯುದ್ಧಂ’. ವೀರಪ್ಪನ್ ಆದವರು ಚನ್ನಪಟ್ಟಣ ಸೀಮೆಯ ಕಿಶೋರ್. ರಾಜ್‌ಕುಮಾರ್ ಪಾತ್ರಕ್ಕೆ ಬಂದವರು ಹಿಂದಿಯ ಸುರೇಶ್ ಒಬೆರಾಯ್. ಬೇಟೆಯ ಮುಂದಾಳು ಕೆ. ವಿಜಯಕುಮಾರ್ ಪಾತ್ರದಲ್ಲಿ ಅರ್ಜುನ್ ಸರ್ಜಾ, ನಮ್ಮ ತುಮಕೂರು ಜಿಲ್ಲೆಯ ಮಧುಗಿರಿಯವರು! ಖಳಪಾತ್ರಗಳಿಂದ ಹೆಸರಾದ ಶಕ್ತಿಪ್ರಸಾದ್ ಅವರ ಮಗ.

★ ಇದೇ ರಮೇಶ್ ಅದಕ್ಕೆ ಮೊದಲು 2006ರಲ್ಲಿ ‘ಸಯನೈಡ್’ ಮಾಡಿದ್ದರು. ರಾಜೀವ್ ಗಾಂಧಿ ಹಂತಕರು ಬೆಂಗಳೂರಿನ ಕೋಣನಕುಂಟೆಯಲ್ಲಿ ಕಳೆದ ಕೊನೆಯ ದಿನಗಳ ಕಥೆ. ನಡೆದದ್ದನ್ನು ತೆರೆಗೆ ತರುವ ಹಟ ಅವರದು.

★ ನಿಜ ಘಟನೆಯ ಚಿತ್ರಕ್ಕೆ ನ್ಯಾಯಾಲಯದ ಮೆಟ್ಟಿಲು ತಪ್ಪದು. ‘ಅಟ್ಟಹಾಸ’ದ ಬಿಡುಗಡೆಯನ್ನು ಪ್ರಶ್ನಿಸಿ ವೀರಪ್ಪನ್ ಪತ್ನಿ ಮುತ್ತುಲಕ್ಷ್ಮಿ ಸುಪ್ರೀಂ ಕೋರ್ಟ್‌ವರೆಗೆ ಹೋದರು. ಅವರಿಗೆ 25 ಲಕ್ಷ ರೂಪಾಯಿ ಕೊಡುವ ಇತ್ಯರ್ಥದೊಂದಿಗೆ ಚಿತ್ರದ ಹಾದಿ ತೆರೆಯಿತು.

★ 2016ರ ಜನವರಿ 1ರಂದು ರಾಮ್‌ಗೋಪಾಲ್ ವರ್ಮಾ ಅವರ ‘ಕಿಲ್ಲಿಂಗ್ ವೀರಪ್ಪನ್’ ಬಂತು. ವೀರಪ್ಪನ್‌ನನ್ನು ಬಲೆಗೆ ಕೆಡವುವ ಪೊಲೀಸ್ ಅಧಿಕಾರಿಯಾಗಿ ಶಿವರಾಜ್‌ಕುಮಾರ್. 108 ದಿನ ಅಪ್ಪನಿಗಾಗಿ ಕಾದ ಮಗನೇ, ಅಪ್ಪನನ್ನು ಹೊತ್ತೊಯ್ದವನ ಬೆನ್ನು ಹತ್ತುವ ಪಾತ್ರ ಮಾಡಿದ್ದು. ಅದು ಬರೀ ನಟನೆ ಎಂದು ನನಗಂತೂ ಅನ್ನಿಸಲಿಲ್ಲ.

★ 2023ರಲ್ಲಿ ನೆಟ್‌ಫ್ಲಿಕ್ಸ್‌ನ ‘ದಿ ಹಂಟ್ ಫಾರ್ ವೀರಪ್ಪನ್’ ಸಾಕ್ಷ್ಯಚಿತ್ರ ಸರಣಿ ಬಂತು. ನಿರ್ದೇಶನ ಸೆಲ್ವಮಣಿ ಸೆಲ್ವರಾಜ್.

★ ಸಿನಿಮಾದವರನ್ನೇ ಹೊತ್ತೊಯ್ದ ಕಥೆ ಇನ್ನೆಲ್ಲಾದರೂ ಉಂಟೇ? ಉಂಟು. 1978ರಲ್ಲಿ ದಕ್ಷಿಣ ಕೊರಿಯಾದ ನಟಿ ಚೋಯ್ ಉನ್-ಹೀ ಮತ್ತು ನಿರ್ದೇಶಕ ಶಿನ್ ಸಾಂಗ್-ಓಕ್ ಅವರನ್ನು ಉತ್ತರ ಕೊರಿಯಾ ಅಪಹರಿಸಿತು. ಅಲ್ಲಿನ ಆಳುವವರಿಗೆ ಒಳ್ಳೆಯ ಸಿನಿಮಾ ಬೇಕಿತ್ತು! ಅಲ್ಲಿದ್ದು ಚಿತ್ರಗಳನ್ನೂ ಮಾಡಬೇಕಾಯಿತು. 1986ರಲ್ಲಿ ವಿಯೆನ್ನಾಕ್ಕೆ ಹೋದಾಗ ಕಾವಲಿನವರ ಕಣ್ಣು ತಪ್ಪಿಸಿ ಪಾರಾದರು.

★ ‘ಅಟ್ಟಹಾಸ’ ಬಂದ ತಿಂಗಳಲ್ಲೇ, 2013ರ ಫೆಬ್ರವರಿಯಲ್ಲಿ, ಯುರೋಪಿನಲ್ಲಿ ‘3096 ಡೇಸ್’ ತೆರೆಗೆ ಬಂತು. ಆಸ್ಟ್ರಿಯಾದ ನತಾಶಾ ಕಾಂಪುಶ್ 1998ರಲ್ಲಿ ಹತ್ತು ವರ್ಷದ ಹುಡುಗಿಯಾಗಿದ್ದಾಗ ಅಪಹರಣಕ್ಕೊಳಗಾಗಿ, 2006ರಲ್ಲಿ ಪಾರಾಗಿ ಬರುವವರೆಗೆ ಕಳೆದ ದಿನಗಳ ಲೆಕ್ಕ ಅದು. ಅವಳೇ ಬರೆದ ಪುಸ್ತಕದ ಮೇಲೆ ನಿಂತ ಚಿತ್ರ. ಕ್ಯಾಮೆರಾ ಇರುವುದು ಸೆರೆಯ ಕೋಣೆಯೊಳಗೆ, ಆ ಹುಡುಗಿಯ ಜೊತೆ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ನನ್ನನ್ನು ಬಿಡದೆ ಕಾಡುವುದು ಇದೇ. ನಮ್ಮ ಚಿತ್ರಗಳ ಹೆಸರುಗಳನ್ನು ಮತ್ತೊಮ್ಮೆ ಓದಿ: ವೀರಪ್ಪನ್, ಅಟ್ಟಹಾಸ, ಕಿಲ್ಲಿಂಗ್ ವೀರಪ್ಪನ್, ದಿ ಹಂಟ್ ಫಾರ್ ವೀರಪ್ಪನ್. ಒಂದು ಹೆಸರೂ ಸೆರೆಯಾದವರದಲ್ಲ. ಮೀಸೆಯ ಮೇಲೆ, ಬಂದೂಕಿನ ಮೇಲೆ, ಬೇಟೆಯ ಮೇಲೆ ನಮಗೆ ಕಣ್ಣು. ಹಬ್ಬಗಳನ್ನು ಬೆರಳಲ್ಲಿ ಎಣಿಸುತ್ತ ಕುಳಿತ 71ರ ಮುದುಕ, ಕ್ಯಾಸೆಟ್ ಹಿಡಿದು ರಾತ್ರಿಯಿಡೀ ಕಾರಿನಲ್ಲಿ ಕುಳಿತ ಹೆಂಡತಿ, ಕತ್ತಲಲ್ಲಿ ಓಡಿದ ಸಹಾಯಕ ನಿರ್ದೇಶಕ, ಮಗನಿಗಾಗಿ ಕೋರ್ಟಿಗೆ ಹೋದ ತಂದೆ: ಇವರ ಕಣ್ಣಿನಿಂದ ಕಥೆ ಹೇಳುವ ಕೆಲಸ ಬಾಕಿ ಇದೆ. ‘ಸದಾರಮೆ’ ಬರೆದ ಬೆಳ್ಳಾವೆ ಶಾಸ್ತ್ರಿಗಳಿಗೆ ಗೊತ್ತಿತ್ತು, ಕಥೆ ಯಾರದು ಎಂದು.

★ ಪ್ರಕರಣ ಏನಾಯಿತು? ವೀರಪ್ಪನ್ 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ ವಿಶೇಷ ಕಾರ್ಯಪಡೆಯ ಗುಂಡಿಗೆ ಸತ್ತ. ಅಪಹರಣದ ಮೊಕದ್ದಮೆ ತಮಿಳುನಾಡಿನ ಗೋಬಿಚೆಟ್ಟಿಪಾಳ್ಯಂ ನ್ಯಾಯಾಲಯದಲ್ಲಿ 18 ವರ್ಷ ಎಳೆಯಿತು. 2018ರ ಸೆಪ್ಟೆಂಬರ್ 25ರಂದು ತೀರ್ಪು: ಆರೋಪ ಸಾಬೀತಾಗಲಿಲ್ಲ, ಒಂಬತ್ತು ಮಂದಿ ಖುಲಾಸೆ. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡಿದ್ದರು. ಪಾರ್ವತಮ್ಮ 2017ರ ಮೇ 31ರಂದು.

★ ತುಮಕೂರು ನಗರದಲ್ಲಿ ಗುಬ್ಬಿ ವೀರಣ್ಣ ಕಲಾಕ್ಷೇತ್ರವಿದೆ. ಅಲ್ಲಿಂದ ಗುಬ್ಬಿಗೆ ಇಪ್ಪತ್ತು ಕಿಲೋಮೀಟರ್. ನಾಟಕ ಕಟ್ಟುವ, ಕಿರುಚಿತ್ರ ಮಾಡುವ ಹುಡುಗ ಹುಡುಗಿಯರು ಈ ದಾರಿಯಲ್ಲಿ ದಿನವೂ ಓಡಾಡುತ್ತಾರೆ. ಅವರಲ್ಲಿ ಒಂದು ಕೋರಿಕೆ: ಆ 108 ದಿನಗಳನ್ನು ಕಂಡವರು ಇನ್ನೂ ಇದ್ದಾರೆ, ಹೋಗಿ ಮಾತಾಡಿಸಿ, ಧ್ವನಿ ಹಿಡಿದಿಡಿ. ಓದುಗರಲ್ಲಿ ಇನ್ನೊಂದು: ನಿಮ್ಮ ಮನೆಯ ಅಟ್ಟದಲ್ಲಿ 2000ದ ಆಗಸ್ಟ್‌ನಿಂದ ನವೆಂಬರ್‌ವರೆಗಿನ ಪತ್ರಿಕೆಗಳೋ, ಗುಬ್ಬಿ ಕಂಪನಿಯ ಹಳೆಯ ಹ್ಯಾಂಡ್‌ಬಿಲ್ಲುಗಳೋ ಇದ್ದರೆ ರದ್ದಿಗೆ ಹಾಕಬೇಡಿ.